ಅಂಗೈ ಮೂಸುವ ಹಂಪಯ್ಯ

ಉಪ್ಪಲ್ ಆಚೆಯ ಜಿಂಕೆವನದ ಗೇಟು ಕಾಯುವ ರಾಯಚೂರಿನ ಹಂಪಯ್ಯನಿಗೆ ವಾಕಿಂಗಿಗೆ ಬರುವವರೆಲ್ಲ ಕಳ್ಳರೇ. ಕೊರಳಲ್ಲಿ ಕಂಪನಿ ಕಾರ್ಡು ತೂಗಿಸಿಕೊಂಡ ಸಾಫ್ಟ್‌ವೇರ್ ಮಂದಿಯ ಮೇಲಂತೂ ದುಪ್ಪಟ್ಟು ಗುಮಾನಿ. "ಜಿಂಕಿ ನೋಡಾಕ ಇಷ್ಟು ದೊಡ್ಡ ಬ್ಯಾಗ್ ಯಾಕ್ರಿ?" ಎಂದು ಬಿಸ್ಕೆಟ್ಟಿಗಾಗಿ ತಡಕಾಡುತ್ತಾನೆ. ಹೊರಬರುವಾಗ, ಪ್ರಾಣಿಗಳಿಗೆ ಯಾರು ಏನು ತಿನ್ನಿಸಿದರೋ ಎಂದು ಒಬ್ಬೊಬ್ಬರ ಅಂಗೈಯನ್ನೂ ಮೂಸುತ್ತಾನೆ. ಕೋಠಿ ಪೇಟೆಯಲ್ಲಿ ಔಷಧದಂಗಡಿ ಇಟ್ಟಿರುವ ನನ್ನ ಕೈಯಲ್ಲಿ ಸದಾ ಟಾನಿಕ್ಕಿನ ವಾಸನೆ. ಹಾಗಾಗಿ ನನಗೆ ದಿನವೂ ವಿಚಾರಣೆ. ನಿನ್ನೆ ಗೇಟು ಹಾಕಿದ ಮೇಲೆ ತಿರುಗಿ ನೋಡಿದರೆ, ಹಂಪಯ್ಯ ತನ್ನ ಅಂಗೈಯನ್ನೇ ಮೂಸಿಕೊಳ್ಳುತ್ತಿದ್ದ. "ನಿನ್ನ ಮ್ಯಾಲೂ ಗುಮಾನಿ ಏನೋ?" ಎಂದು ನಕ್ಕೆ. ಅವನು ನಗಲಿಲ್ಲ. "ಹೋದ ಬ್ಯಾಸಿಗ್ಯಾಗ ಒಂದು ಮರಿ ಹೊಟ್ಟಿ ಉಬ್ಬಿ ಸತ್ತಿತ್ತಲ್ರಿ, ಅದಕ್ಕ ದಿನಾ ರೊಟ್ಟಿ ತಿನ್ನಿಸಿದ ಕೈ ಇದ ಐತ್ರಿ."