ಲೈಟು ಹಾಕಿದರೆ ತಿರುಗುವ ಫ್ಯಾನು

ಬೆಂಗಳೂರಿನ ನಾಯಂಡಹಳ್ಳಿಯ ಬಾಡಿಗೆ ಮನೆಗೆ ಕಾಲಿಟ್ಟ ಸಂಜೆ ಲೈಟು ಹಾಕಿದೆ, ತಲೆಯ ಮೇಲೆ ಫ್ಯಾನು ಗರ್ರನೆ ತಿರುಗತೊಡಗಿತು. ಬೆಚ್ಚಿ ಆರಿಸಿದೆ, ಎರಡೂ ನಿಂತವು. ಮನೆ ಕಟ್ಟಿಸಿದವರು ಎರಡಕ್ಕೂ ಸೇರಿ ಒಂದೇ ಸ್ವಿಚ್ ಇಟ್ಟಿದ್ದರು. ಗಾಳಿ ಕಡಿಮೆ ಮಾಡುವ ರೆಗ್ಯುಲೇಟರೂ ಇರಲಿಲ್ಲ. ಪಕ್ಕದ ಕಟ್ಟಡ ಒತ್ತಿಕೊಂಡಿದ್ದರಿಂದ ಹಗಲಲ್ಲೂ ಲೈಟು ಬೇಕು, ಅಂದರೆ ಹಗಲೆಲ್ಲ ಫ್ಯಾನು. ಗಂಡ ಗೊಣಗಿದರು. ರಾಯಚೂರಿನ ಬಿಸಿಲಲ್ಲಿ ಬೆಳೆದ ನನಗೇನೂ ಅನಿಸಲಿಲ್ಲ. ನಮ್ಮ ಕಡೆ ಫ್ಯಾನು ನಿಲ್ಲುವುದು ಕರೆಂಟು ಹೋದಾಗ ಮಾತ್ರ.

ಈ ಊರು ಒಗ್ಗಲಿಕ್ಕೆ ಹೊತ್ತು ಹಿಡಿಯಿತು. ಅಂಗಡಿಯಲ್ಲಿ ಬಾಯಿ ಬಿಟ್ಟರೆ "ನೀವು ಯಾವ ಕಡೆಯವರು?" ಎಂಬ ಪ್ರಶ್ನೆ. ನನ್ನದೂ ಕನ್ನಡವೇ ಎಂದು ಹೇಳಿ ಹೇಳಿ ಸಾಕಾಗಿ, ಬೇಕಾದ್ದನ್ನು ಬೆರಳಲ್ಲಿ ತೋರಿಸಿ ತರುತ್ತಿದ್ದೆ. ಮಾತಿಗೆ ಸಿಕ್ಕವರು ಮುಂದಿನ ಮನೆಯಲ್ಲಿದ್ದ ಓನರ್ ತಾಯಿ ಲಕ್ಕಮ್ಮಜ್ಜಿ. ಸಂಜೆ ಬಂದು ಕೂತು, ಸೊಪ್ಪು ಬೇಳೆ ಬೇಯಿಸಿ ಬಸಿದ ನೀರಿಗೆ ಖಾರ ಹಾಕಿ ಮಾಡುವ ಬಸ್ಸಾರು ಕಲಿಸಿದರು. ನಾನು ಅವರಿಗೆ ನಮ್ಮ ಕಡೆಯ ಹುಳಿಸೊಪ್ಪಿನ ಪುಂಡಿ ಪಲ್ಯದ ರುಚಿ ಹತ್ತಿಸಿದೆ. "ನಿನ್ ಮಾತು ಕೇಳ್ತಾ ಇರೋಣ ಅನ್ಸತ್ತೆ ಕಣಮ್ಮಾ" ಎಂದವರು ಇಡೀ ಬೀದಿಯಲ್ಲಿ ಅವರೊಬ್ಬರೇ.

ರಾಯಚೂರಲ್ಲಿ ಕೂತು ಇದನ್ನು ಓದುವವರಿಗೆ ಹೇಳಬೇಕಿಲ್ಲ, ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಫ್ಯಾನು, ಆಮೇಲೆ ತಂಬಿಗೆ ನೀರು, ಆಮೇಲೆ ಮಾತು. "ಹಿಂಗ್ ಬರ್ರಿ ಅಜ್ಜಿ, ಗಾಳಿಗೆ ಕೂಡ್ರಿ" ಎಂದು ಒತ್ತಾಯ ಮಾಡಿ, ಕಾರ್ತಿಕದ ಚಳಿಯಲ್ಲೂ ಅವರನ್ನು ಫ್ಯಾನಿನ ನೇರ ಕೆಳಗೇ ಕೂರಿಸುತ್ತಿದ್ದೆ. ಅಜ್ಜಿ ಸೆರಗನ್ನು ತಲೆತುಂಬ ಹೊದ್ದು ಕೂರುತ್ತಿದ್ದರು. ಇಲ್ಲಿಯವರ ರೂಢಿ ಇರಬೇಕು ಎಂದುಕೊಂಡೆ.

ಆಮೇಲೆ ಅವರು ಬರುವುದು ನಿಂತಿತು. ಕರೆದರೆ "ಮಂಡಿ ನೋವು ಕಣಮ್ಮಾ" ಎಂದರು. ಮರುದಿನ ನೋಡಿದರೆ ಗೇಟಿನಾಚೆ ತಳ್ಳುಗಾಡಿಯವನ ಹತ್ತಿರ ಚೌಕಾಸಿ ಮಾಡುತ್ತ ನಿಂತಿದ್ದಾರೆ! ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ನಮ್ಮ ಚಹಾ, ನಮ್ಮ ಮಾತು ಇವರಿಗೂ ಬೇಡವಾಯಿತು ಎಂದು ನಾನೂ ಬಾಗಿಲು ಹಾಕಿಕೊಂಡೆ.

ಸ್ವಲ್ಪ ದಿನಕ್ಕೆ ಎಲೆಕ್ಟ್ರಿಷಿಯನ್ ಒಬ್ಬ ಬಂದ. "ಲಕ್ಕಮ್ಮಜ್ಜಿ ಮಗಳ ಮನೆಗೆ ಹೋಗೋವಾಗ ಹೇಳಿದ್ರು ಅಕ್ಕಾ, ಲೈಟಿಗೊಂದು ಫ್ಯಾನಿಗೊಂದು ಸ್ವಿಚ್ ಮಾಡ್ಕೊಡು ಅಂತ" ಎನ್ನುತ್ತ ಏಣಿ ಹಾಕಿದ. ಮೈನ್ ಆರಿಸಿ, ಗೋಡೆಯ ಪೈಪಿನೊಳಗೆ ಇನ್ನೊಂದು ವೈರು ಎಳೆಯುತ್ತಲೇ ಮಾತು ಮುಂದುವರಿಸಿದ. "ಗಾಳಿ ಬಡಿದ್ರೆ ಅವ್ರಿಗೆ ಉಸಿರು ಕಟ್ಟತ್ತೆ. ಆ ಹುಡುಗಿ ಅಷ್ಟು ಪ್ರೀತಿಯಿಂದ ಕೂರಿಸ್ತಾಳೆ, ಆರ್ಸು ಅನ್ನೋಕೆ ಬಾಯೇ ಬರ್ಲಿಲ್ಲ ಅಂದ್ರು."

ನನಗೆ ನಾಚಿಕೆಯಿಂದ ಕಣ್ಣು ತುಂಬಿತು.

ಮರುದಿನವೇ ಮಹಾಲಕ್ಷ್ಮಿ ಲೇಔಟಿನ ಮಗಳ ಮನೆಗೆ ಹೋದೆ. ಅಜ್ಜಿ ದಿಂಬಿಗೆ ಒರಗಿ ಕೂತಿದ್ದರು. "ಸ್ವಿಚ್ ಆಯ್ತಾ? ಹಾಗಾದ್ರೆ ಬರ್ತೀನಿ ಬಿಡು" ಎಂದು ನಕ್ಕರು. ಬರಲಾಗಲಿಲ್ಲ. ಆ ಚಳಿ ಮುಗಿಯುವ ಮೊದಲೇ ತೀರಿಕೊಂಡರು.

ಈಗ ರಾಯಚೂರಿಗೆ ಹೋದರೆ ಅವ್ವ ಓಡಿಬಂದು ಫ್ಯಾನು ಹಾಕುತ್ತಾಳೆ. ಸ್ವಲ್ಪ ಹೊತ್ತಿಗೆ ನಾನೇ ಸೆರಗು ಹೊದ್ದುಕೊಳ್ಳುತ್ತೇನೆ. "ಬೆಂಗಳೂರಾಕಿ ಆದಿ ಬಿಡು" ಎಂದು ನಗುತ್ತಾಳೆ. ಆರಿಸು ಎನ್ನಲು ನನಗೂ ಬಾಯಿ ಬರುವುದಿಲ್ಲ.

ಇಲ್ಲಿ, ಯಾರೇ ಬರಲಿ, ಲೈಟು ಹಾಕಿ, ಎರಡನೇ ಸ್ವಿಚ್ಚಿನ ಮೇಲೆ ಬೆರಳಿಟ್ಟು "ಫ್ಯಾನ್ ಹಾಕ್ಲಾ?" ಎಂದು ಕೇಳುತ್ತೇನೆ. ನಮ್ಮೂರಲ್ಲಿ ಹಾಗೆ ಕೇಳಿದರೆ ಬಂದವರಿಗೆ ಅವಮಾನ. ಇಲ್ಲಿ ಆ ಒಂದು ಮಾತು ಅಜ್ಜಿಯನ್ನು ಕೇಳಿದ್ದರೆ ಸಾಕಿತ್ತು.