ಅಂಚು ಮುರಿದ ಕರಟ

ಅವರ ಬಲಗೈ ಬೆರಳುಗಳಿಗೆ ಟಿಂಚರಿನ ಹಳದಿ ಹಿಡಿದುಬಿಟ್ಟಿತ್ತು, ಎಷ್ಟು ತೊಳೆದರೂ ಹೋಗದು. ಕಾರವಾರದ ಆಸ್ಪತ್ರೆಯ ಕಂಪೌಂಡರು. ಸಂಜೆ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ನನ್ನ ಕಾಯಿಲೆ ನೋಡಲು ಶಿರವಾಡದ ನಮ್ಮ ಮನೆಗೆ ಬಂದರೆ ಮೊದಲು ಕಿಟಕಿಗಳನ್ನೆಲ್ಲ ತೆರೆಯುವುದು, ಆಮೇಲೇ ಮಾತು.

ಅದು ಮೂವತ್ತರ ದಶಕ. ಕ್ಷಯಕ್ಕೆ ಇಂಥದೇ ಎಂಬ ಔಷಧ ಇರಲಿಲ್ಲ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು ನಾನು, ಕೆಮ್ಮು ಹಿಡಿದು ಅಲ್ಲೇ ಉಳಿದೆ. ಮಗಳಿಗೆ ಆಗ ಐದು ತಿಂಗಳು.

"ಕೂಸನ್ನ ಮುಟ್ಬಾರ್ದು ತಂಗಿ. ನೀ ಬದುಕ್ಬೇಕು, ಅದೂ ಬದುಕ್ಬೇಕು" ಎಂದರು ಕಂಪೌಂಡರು.

ಅವರ ಮೇಲೆ ನನಗೆ ಎಂಥಾ ಸಿಟ್ಟು! ಜಗಲಿಯ ಗಾಳಿಯಲ್ಲಿ ನನ್ನ ಹಾಸಿಗೆ, ಒಳಗೆ ಕೂಸು. ಅದು ಅತ್ತರೆ ನಾನೂ ಅಳುತ್ತಿದ್ದೆ.

ಇನ್ನೊಂದು ಕಟ್ಟಪ್ಪಣೆ: ತೆಂಗಿನ ಕರಟದಲ್ಲಿ ಬೂದಿ ಹಾಕಿ ಅದರಲ್ಲೇ ಉಗುಳಬೇಕು, ದಿನಾ ಕರಟದ ಸಮೇತ ಬಚ್ಚಲ ಒಲೆಯಲ್ಲಿ ಸುಡಬೇಕು. ನನ್ನ ತಾಯಿ, ನಮ್ಮ ಆಯಿ, ನುಣ್ಣನೆಯ ಕರಟ ಕಂಡರೆ ಸೌಟು ಮಾಡದೆ ಬಿಡುವವಳೇ? ಬೂದಿಯನ್ನಷ್ಟೇ ಒಲೆಗೆ ಸುರಿದು, ಕರಟ ತೊಳೆದು ಒಣಗಿಸಿ ಬಿದಿರಿನ ಹಿಡಿ ಸಿಕ್ಕಿಸುತ್ತಿದ್ದಳು. ಒಂದು ಸಂಜೆ ಕಂಪೌಂಡರು ಅಡುಗೆಮನೆಗೆ ಇಣುಕಿದರೆ, ಹೊಸ ಸೌಟಿನಲ್ಲಿ ಕೂಸಿನ ಗಂಜಿ ತಿರುವುತ್ತಿದ್ದಾಳೆ!

"ಈ ಕರಟ ಎಲ್ಲೀದು?"

"ನನ್ನ ಮಗಳ್ದೇ ಒಡೆಯಾ. ಬಿಸಿನೀರಲ್ಲಿ ತೊಳ್ದಿದ್ದೆ. ಒಳ್ಳೆ ಕರಟ, ಸುಡೂಕೆ ಮನಸ್ಸೇ ಬರೂದಿಲ್ಲ."

ಅಬ್ಬಾ, ಆ ಮೆದು ಮನುಷ್ಯನ ಕೂಗು! ಗಂಜಿ ಚೆಲ್ಲಿಸಿದರು, ಸೌಟುಗಳನ್ನೆಲ್ಲ ತಾವೇ ಬೆಂಕಿಗೆ ಹಾಕಿದರು. ಆಯಿ ಅಳತೊಡಗಿದ ಮೇಲೆ ತಣ್ಣಗಾದರು. ಕತ್ತಿ ಕೇಳಿ ಪಡೆದು, ಮೂಲೆಯಲ್ಲಿದ್ದ ಕರಟಗಳ ಅಂಚನ್ನೆಲ್ಲ ಕುಳಿತು ಮುರಿದರು.

"ಇನ್ನು ಇದು ಸೌಟಿಗೆ ಬರೂದಿಲ್ಲ ಆಯೀ. ಈಗ ಸುಡೂಕೆ ಮನಸ್ಸು ಬತ್ತದೆ."

ಆಯಿ ಮೂಗು ಒರೆಸಿಕೊಂಡು ನಕ್ಕಳು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಕೂಸಿಗೆ ಕೆಮ್ಮು ಬಂತೇ ಎಂದು ಎಲ್ಲರೂ ತಿಂಗಳುಗಟ್ಟಲೆ ಕಿವಿಗೊಟ್ಟೆವು. ಬರಲಿಲ್ಲ. ಹಾಲು, ಮೊಟ್ಟೆ, ಗಾಳಿ, ನಿದ್ದೆ ಎನ್ನುತ್ತಾ ನನ್ನ ಮೈಯೂ ತುಂಬಿಕೊಂಡಿತು.

ವರ್ಷ ಕಳೆದ ಮೇಲೆ ಅವರು ಅಂಗಳದಿಂದಲೇ ಕೂಗಿದರು: "ಕಫ ಮತ್ತೆ ಮತ್ತೆ ನೋಡ್ಸಿದೆ ತಂಗಿ. ರೋಗ ಇಲ್ಲ. ಕೂಸನ್ನ ಎತ್ಕೊ!"

ಓಡಿಹೋಗಿ ಎತ್ತಿಕೊಂಡೆ. ಅವಳಿಗೆ ನನ್ನ ಗುರುತಾದರೂ ಎಲ್ಲಿ? ಆಯಿಯ ಕಡೆ ಕೈಚಾಚಿ ಕಿರುಚತೊಡಗಿದಳು. ನನ್ನ ಮುಖ ಬಾಡಿತು. ಕಂಪೌಂಡರು ಮಾತ್ರ ಕಣ್ಣು ತುಂಬಿ ನಗುತ್ತಿದ್ದರು.

"ಕೂಗ್ಲಿ ಬಿಡು. ಎದೆ ಎಷ್ಟು ಗಟ್ಟಿ ಅದೆ ಕೇಳು!"

ಅವರು ತೀರಿಕೊಂಡು ಬಹಳ ವರ್ಷಗಳಾದವು. ಆ ಮಗಳಿಗೆ ನಾಲ್ಕು ಮಕ್ಕಳು, ರಜೆಗೆ ಬಂದರೆ ಮನೆಯೆಲ್ಲ ಕೂಗಾಟ. ಸುಮ್ಮನಿರಿ ಎಂದು ನಾನು ಯಾರಿಗೂ ಹೇಳಿದ್ದಿಲ್ಲ.