ಗಾಬರಿಯಾಗಬೇಡಿ, ಅಧ್ಯಕ್ಷರು ಪಿರಿಯಾಪಟ್ಟಣದಲ್ಲಿದ್ದಾರೆ

‘ಪ್ರಿಯ ಪೋಷಕರೇ, ದಯವಿಟ್ಟು ಯಾರೂ ಗಾಬರಿಯಾಗಬೇಡಿ.’

ಕಳೆದ ವಾರ ಸಂಜೆ ಐದಕ್ಕೆ ಮಗಳ ಶಾಲೆಯ ವಾಟ್ಸಾಪ್ ಗ್ರೂಪಿಗೆ ಬಂದ ಸಂದೇಶ ಇಷ್ಟೇ. ಅಲ್ಲಿಯವರೆಗೆ ನಾನು ಹನಗೋಡಿನ ಮನೆಯಲ್ಲಿ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದೆ. ಗಾಬರಿಯಾಗಬೇಡಿ ಎಂದ ಮೇಲೆ ಆಗದೆ ಇರಲು ಸಾಧ್ಯವೇ? ಹುಣಸೂರಿನಿಂದ ಬರಬೇಕಿದ್ದ ಸ್ಕೂಲ್ ಬಸ್ ಇನ್ನೂ ಬಂದಿರಲಿಲ್ಲ.

ಏನಾಯಿತೆಂದು ಗ್ರೂಪಿನಲ್ಲಿ ಕೇಳೋಣವೆಂದರೆ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯುವಂತಿಲ್ಲ. ಶಾಲೆಗೆ ಫೋನ್ ಮಾಡಿದೆ. ಆಫೀಸಿನ ಹುಡುಗಿ ಕಾಗದ ನೋಡಿಕೊಂಡು ಓದಿದಂತೆ ಹೇಳಿದಳು: ‘ಮಾಹಿತಿ ಪರಿಶೀಲನೆಯಲ್ಲಿದೆ. ಅಧಿಕೃತ ವಕ್ತಾರರು ಸೂಕ್ತ ಸಮಯದಲ್ಲಿ ತಿಳಿಸುತ್ತಾರೆ.’

‘ಬಸ್ ಎಲ್ಲಿದೆಯಮ್ಮ?’

‘ಅದ ನಾನು ಹೇಳಂಗಿಲ್ಲ ಸರ್. ವಕ್ತಾರರು ಅಂದ್ರೆ ನಮ್ಮ ಸ್ಕೂಲ್ ಕಮಿಟಿ ಅಧ್ಯಕ್ಷರು, ಅವ್ರೇ ಹೇಳ್ಬೇಕು. ಅವ್ರು ಪಿರಿಯಾಪಟ್ಣದಲ್ಲಿ ಹೊಗೆಸೊಪ್ಪಿನ ಹರಾಜಿಗೆ ಹೋಗವ್ರೆ, ಫೋನ್ ಎತ್ತುತಿಲ್ಲ.’

ಸಿಟ್ಟು ನೆತ್ತಿಗೇರಿತು. ಇಂಥ ನಿಯಮ ಬರೆದ ಪುಣ್ಯಾತ್ಮ ಯಾರು ಎಂದು ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡೆ. (ಆ ಪುಣ್ಯಾತ್ಮ ನಾನೇ.)

‘ನೀವು ಪೇಪರಿಗೆ ಬರೆಯೋರು, ನಮಗೊಂದು ಕ್ರೈಸಿಸ್ ಕಮ್ಯುನಿಕೇಶನ್ ಪ್ಲಾನ್ ಮಾಡಿಕೊಡಿ’ ಎಂದು ಶಾಲೆಯವರು ಜೂನ್‌ನಲ್ಲಿ ಕೇಳಿದಾಗ ಉಬ್ಬಿಹೋಗಿದ್ದೆ. ಹದಿನೆಂಟು ಪುಟ ಬರೆದೆ. ಬೆಂಕಿಗೊಂದು ಅಧ್ಯಾಯ, ಟಿವಿಯವರಿಗೊಂದು ಅಧ್ಯಾಯ. ಏಳನೇ ನಿಯಮಕ್ಕಂತೂ ಚಪ್ಪಾಳೆ ಬಿತ್ತು: ಅಧಿಕೃತ ವಕ್ತಾರರಲ್ಲದೆ ಶಾಲೆಯ ಬೇರೆ ಯಾರೂ ಪೋಷಕರೊಡನೆ ಮಾತನಾಡತಕ್ಕದ್ದಲ್ಲ. ವಕ್ತಾರರೇ ಫೋನ್ ಎತ್ತದಿದ್ದರೆ? ಹದಿನೆಂಟು ಪುಟದಲ್ಲಿ ಅದಕ್ಕೆ ಜಾಗ ಸಾಲಲಿಲ್ಲ.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಬಸ್ಸಿನ ಆಯಾ ರತ್ನಮ್ಮ.

‘ಸಾ, ರೋಡಲ್ಲಿ ಆನೆ ನಿಂತದೆ. ಬಸ್ಸ ಇಂದಕ್ಕೆ ತಕೊಂಡು ಡೈರಿ ತಾವ ನಿಲ್ಸಿವಿ. ಮಕ್ಳೆಲ್ಲ ಸಂದಾಗವ್ರೆ, ನಿಮ್ಮ ಮಗ್ಳು ಕಡ್ಲೆಪುರಿ ತಿಂತಾವ್ಳೆ. ಫಾರೆಸ್ಟ್‌ನೋರು ಬಂದವ್ರೆ, ಆನೆ ಹೋದೇಟ್ಗೆ ಬತ್ತೀವಿ. ಮಡಗ್ತೀನಿ ಸಾ, ಇನ್ನೂ ಹದಿನಾಲ್ಕು ಮನೆಗೆ ಹೇಳ್ಬೇಕು.’

ಹೋದ ಜೀವ ಬಂದಂತಾಯಿತು. ಆರೂವರೆಗೆ ಮಗಳೂ ಬಂದಳು. ಅಧಿಕೃತ ವಕ್ತಾರರ ಸಂದೇಶ ಬಂದದ್ದು ಅವಳ ಊಟವಾದ ಮೇಲೆ: ‘ಪರಿಸ್ಥಿತಿ ಸಂಪೂರ್ಣ ನಿಯಂತ್ರಣದಲ್ಲಿದೆ.’ ಮಾಹಿತಿಗಾಗಿ ಆನೆಗೂ ಒಂದು ಪ್ರತಿ ಕಳಿಸಬಹುದಿತ್ತು.

ಮೊನ್ನೆ ಶಾಲೆಯಲ್ಲಿ ಪರಿಶೀಲನಾ ಸಭೆ ಇತ್ತು. ಪ್ಲಾನ್ ಬಹಳ ಚೆನ್ನಾಗಿ ಕೆಲಸ ಮಾಡಿತೆಂದು ಅಧ್ಯಕ್ಷರು ನನಗೆ ಶಾಲು ಹೊದಿಸಿದರು. ಕೆಲಸ ಮಾಡಿದ್ದು ಪ್ಲಾನ್ ಅಲ್ಲ, ರತ್ನಮ್ಮ ಎಂದು ಹೇಳಬೇಕೆನಿಸಿತು. ಶಾಲು ಬೆಚ್ಚಗಿತ್ತು. ಹೇಳಲಿಲ್ಲ. ನಾಚಿಕೆ ಆಮೇಲೆ ಆಯಿತು, ಮನೆಗೆ ಬಂದ ಮೇಲೆ.

ನಿನ್ನೆ ರತ್ನಮ್ಮ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಶಾಲೆಯ ನೋಟಿಸ್. ಏಳನೇ ನಿಯಮ ಉಲ್ಲಂಘಿಸಿದ್ದಕ್ಕೆ ಮೂರು ದಿನದೊಳಗೆ ಲಿಖಿತ ಕ್ಷಮಾಪಣೆ ಕೊಡಬೇಕು, ತಪ್ಪಿದಲ್ಲಿ ಕೆಲಸದಿಂದ ತೆಗೆಯಲಾಗುವುದು. ಆ ನಿಯಮ ಬರೆದವರು ಯಾರೆಂದು ಅವರಿಗೆ ಗೊತ್ತಿಲ್ಲ.

‘ನಂಗೆ ಬರ್ಯಾಕೆ ಬರಕಿಲ್ಲ ಸಾ. ನೀವು ಪೇಪರಿಗೆ ಬರೆಯೋರು, ಒಸಿ ಬರ್ಕೊಡಿ. ಮಕ್ಳ ಮನೇಗೆ ಫೋನ್ ಮಾಡಿದ್ದು ನನ್ನ ತಪ್ಪಾಯ್ತು, ಇನ್ಮ್ಯಾಕೆ ಆನೆ ಬಂದ್ರೂ ಮಾಡಕಿಲ್ಲ ಅಂತ ಹಾಕಿ.’

ಹೇಳಿದ ಹಾಗೆಯೇ ಬರೆದೆ. ನಾಲ್ಕೇ ಸಾಲು. ಕಾಗದ ಇನ್ನೂ ನನ್ನ ಮೇಜಿನ ಮೇಲಿದೆ, ನಾಳೆ ಕಡೇ ದಿನ.

ನೀವೇ ಹೇಳಿ, ಅದರ ಕೆಳಗೆ ಸಹಿ ಹಾಕಬೇಕಾದವರು ಯಾರು?